ರಟ್ಟಿನ ಮೇಲಣ ಭಾವಚಿತ್ರಗಳು

ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ, ಅಜ್ಜಿಯ ಕಾಲದ ಪೆಟ್ಟಿಗೆಯೊಳಗೆ, ದಪ್ಪ ರಟ್ಟಿಗೆ ಅಂಟಿಸಿದ ಒಂದೆರಡು ಭಾವಚಿತ್ರಗಳು ಇರಬಹುದು. ಅವುಗಳ ಕಾಲವನ್ನು ತಿಳಿಯುವ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಚಿತ್ರವನ್ನು ರಟ್ಟಿಗೆ ಅಂಟಿಸಿದುದೇತಕ್ಕೆ? 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್ ಎವ್ರಾರ್ ಎಂಬವರು ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿಯನ್ನು ಬಳಿದು, ಬೆಳ್ಳಿಯ ಲವಣದಿಂದ ಚಿತ್ರ ಮೂಡಿಸುವ ವಿಧಾನವನ್ನು ಪ್ರಕಟಿಸಿದರು. ಆ ಕಾಗದವು ಬಲು ತೆಳುವು, ಒಣಗಿದೊಡನೆ ಸುರುಳಿಯಾಗುವುದು. ಆದುದರಿಂದ ರಟ್ಟಿನ ಆಧಾರವು ಅವಶ್ಯವಾಯಿತು.

1854ರಲ್ಲಿ ಪ್ಯಾರಿಸ್ ನಗರದ ದಿಸ್ದೇರಿ ಎಂಬವರು ಚಿಕ್ಕ ಚಿತ್ರಗಳಿಗೆ ಹಕ್ಕುಪತ್ರ ಪಡೆದರು. ಹಲವು ಮಸೂರಗಳುಳ್ಳ ಕ್ಯಾಮರಾದಿಂದ ಒಂದೇ ಗಾಜಿನ ಫಲಕದಲ್ಲಿ ಎಂಟು ಚಿತ್ರಗಳನ್ನು ತೆಗೆಯುತ್ತಿದ್ದುದರಿಂದ ಬೆಲೆಯು ಇಳಿಯಿತು. ರಟ್ಟಿನ ಅಳತೆಯು ಸುಮಾರು 2½ ಅಂಗುಲ ಅಗಲ, 4 ಅಂಗುಲ ಉದ್ದ. ಭೇಟಿಚೀಟಿಯಷ್ಟೇ ಇದ್ದುದರಿಂದ ಇದಕ್ಕೆ ‘ಕಾರ್ಟ್ ದ ವಿಸಿತ್’ ಎಂದು ಹೆಸರಾಯಿತು. 1860ರಲ್ಲಿ ಲಂಡನಿನಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬದ ಇಂಥ ಚಿತ್ರಗಳು ಮಾರಾಟಕ್ಕೆ ಬಂದ ಮೇಲೆ, ಅವುಗಳನ್ನು ಆಲ್ಬಮಿನಲ್ಲಿ ಕೂಡಿಡುವ ಅಭಿರುಚಿಯು ಮನೆಮನೆಗೂ ಹಬ್ಬಿತು.

ಆದರೆ ಅಷ್ಟು ಸಣ್ಣ ಚಿತ್ರದಲ್ಲಿ ಕುಟುಂಬವೆಲ್ಲ ಕುಳಿತರೆ ಮುಖಗಳು ಸ್ಪಷ್ಟವಾಗವು. 1866ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ಕ್ಯಾಬಿನೆಟ್’ ರಟ್ಟು 4¼ ಅಂಗುಲ ಅಗಲ, 6½ ಅಂಗುಲ ಉದ್ದವಿದ್ದು ಈ ಕೊರತೆಯನ್ನು ನೀಗಿತು. 1888ರಲ್ಲಿ ಕೊಡಕ್ ಕ್ಯಾಮರಾ, 1900ರಲ್ಲಿ ಅಗ್ಗದ ಬ್ರೌನಿ ಕ್ಯಾಮರಾ ಬಂದವು. ಜನರು ತಾವೇ ಚಿತ್ರ ತೆಗೆಯತೊಡಗಿದಂತೆ ರಟ್ಟಿನ ಚಿತ್ರಗಳು ಕ್ರಮೇಣ ಹಿಂದೆ ಸರಿದವು.

ತೆಳು ರಟ್ಟು, ಚೌಕ ಮೂಲೆಗಳಿದ್ದರೆ ಸಾಮಾನ್ಯವಾಗಿ 1860ರ ದಶಕದ್ದು. ದಪ್ಪ ರಟ್ಟು, ದುಂಡು ಮೂಲೆ, ಹೊಂಬಣ್ಣದ ಅಂಚುಗಳಿದ್ದರೆ ಅನಂತರದ್ದು. ಆದರೂ ಹಳೆಯ ಗಾಜಿನ ಫಲಕದಿಂದ ಬಹುಕಾಲದ ಮೇಲೂ ಪ್ರತಿ ತೆಗೆಯಬಹುದಾದುದರಿಂದ, ಉಡುಪನ್ನೂ ಹಿಂಬದಿಯ ಮುದ್ರೆಯನ್ನೂ ಕೂಡಿಸಿ ನೋಡತಕ್ಕದ್ದು.

ನಮ್ಮ ಶಾಲೆಯ ಬೀರುವಿನಲ್ಲಿಯೂ ಇಂಥದೊಂದು ಚಿತ್ರವಿದೆ. ಬಾಲಕಿಯರು ಸಾಲಾಗಿ ಕುಳಿತಿದ್ದಾರೆ. ಹಿಂಬದಿಯಲ್ಲಿ ಚಿತ್ರ ತೆಗೆದವರ ಹೆಸರು ಹೊನ್ನಕ್ಷರಗಳಲ್ಲಿದೆ. ಬಾಲಕಿಯರಲ್ಲಿ ಒಬ್ಬಳ ಹೆಸರೂ ಇಲ್ಲ. ಅವರನ್ನು ಗುರುತಿಸಬಲ್ಲವರು ಈಗ ಯಾರೂ ಉಳಿದಿಲ್ಲ.

ಆದುದರಿಂದ ಪ್ರಿಯ ಸಹೋದರಿಯರೇ, ರಟ್ಟನ್ನು ಸುಲಿಯಬೇಡಿರಿ, ಆಲ್ಬಮಿಗೆ ಅಂಟಿಸಬೇಡಿರಿ. ಹಿಂಬದಿಯೇ ಚಿತ್ರದ ಸಾಕ್ಷಿಯು. ತೇವಕ್ಕೂ ಬಿಸಿಲಿಗೂ ದೂರವಿಡಿರಿ. ಮನೆಯ ಹಿರಿಯರು ಇರುವಾಗಲೇ ಕೇಳಿ, ಮೆದುವಾದ ಸೀಸದ ಕಡ್ಡಿಯಿಂದ ಹಿಂಬದಿಯ ಅಂಚಿನಲ್ಲಿ ಹಗುರಾಗಿ ಹೆಸರುಗಳನ್ನು ಬರೆಯಿರಿ. ದೇವರು ಪ್ರತಿಯೊಬ್ಬರನ್ನೂ ಹೆಸರಿನಿಂದ ಬಲ್ಲನೆಂದು ಮಕ್ಕಳಿಗೆ ಕಲಿಸುವ ನಾವು, ನಮ್ಮ ತಾಯಂದಿರ ಹೆಸರುಗಳನ್ನು ಮರೆಯುವುದು ತರವಲ್ಲ.