ಮಾಸು ಬೀಳಲಿ ಎಂದು ಕರುವನ್ನು ಉಪವಾಸ ಕೆಡವಬೇಡಿ

ರಾತ್ರಿ ಹನ್ನೊಂದಕ್ಕೆ ಹಸು ಕರು ಹಾಕುತ್ತದೆ. ಹೆಣ್ಣು ಕರು ಎಂದು ಮನೆಯವರಿಗೆಲ್ಲ ಸಂತೋಷ. ತಾಯಿ ನೆಕ್ಕಿ ನೆಕ್ಕಿ ಒಣಗಿಸುತ್ತದೆ, ಕರು ತಡವರಿಸುತ್ತ ಎದ್ದು ಕೆಚ್ಚಲಿನ ಕಡೆ ಮೂತಿ ಚಾಚುತ್ತದೆ. ಅಷ್ಟರಲ್ಲಿ ಹಿರಿಯರೊಬ್ಬರ ಮಾತು: ‘ಮಾಸು ಇನ್ನೂ ಬಿದ್ದಿಲ್ಲ, ಈಗಲೇ ಹಾಲಿಗೆ ಬಿಡಬೇಡ್ರೋ.’ ಕರುವನ್ನು ಎಳೆದು ಮೂಲೆಯ ಗೂಟಕ್ಕೆ ಕಟ್ಟುತ್ತಾರೆ. ಮಾಸು ಬೀಳುವಾಗ ಬೆಳಗಿನ ಏಳು ಗಂಟೆ. ಕರುವಿನ ಬಾಯಿಗೆ ಮೊದಲ ಗುಟುಕು ಗಿಣ್ಣು ಹಾಲು ಸಿಗುವಾಗ ಎಂಟು.

ಹತ್ತು ಹದಿನೈದು ದಿನಕ್ಕೆ ಇಂಥ ಕರುವಿಗೆ ಬಿಳಿ ಬೇಧಿ ಹತ್ತುತ್ತದೆ, ಅದರ ಹಿಂದೆಯೇ ಕೆಮ್ಮು. ಉಳಿದುಕೊಂಡರೂ ಬೆಳವಣಿಗೆ ಹಿಂದೆ ಬೀಳುತ್ತದೆ. ‘ಕರು ಏಳಿಗೆಯಾಗಲಿಲ್ಲ’ ಎಂದು ಹಣೆಬರಹವನ್ನು ದೂರುವ ಮನೆಗಳಲ್ಲಿ ಬಹುಪಾಲು ಸಲ ತಪ್ಪು ಆಗಿರುವುದು ಆ ಮೊದಲ ರಾತ್ರಿಯಲ್ಲೇ.

ಕಾರಣ ಸರಳ. ಮನುಷ್ಯರ ಮಗುವಿಗೆ ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗನಿರೋಧಕ ಶಕ್ತಿ ಹರಿದು ಬರುತ್ತದೆ. ಹಸು ಎಮ್ಮೆಗಳಲ್ಲಿ ಮಾಸಿನ ರಚನೆಯೇ ಬೇರೆ, ಅದು ಪ್ರತಿಕಾಯಗಳನ್ನು ದಾಟಲು ಬಿಡುವುದಿಲ್ಲ. ಹಾಗಾಗಿ ಕರು ಹುಟ್ಟುವುದೇ ಬರಿಗೈಯಲ್ಲಿ. ತಾಯಿ ಕೂಡಿಟ್ಟ ರಕ್ಷಣೆಯೆಲ್ಲ ಗಿಣ್ಣು ಹಾಲಿನಲ್ಲಿದೆ. ಸಾಮಾನ್ಯ ಹಾಲಿನಲ್ಲಿ ಶೇ 3ರಷ್ಟು ಪ್ರೋಟೀನು ಇದ್ದರೆ ಮೊದಲ ಸಲ ಕರೆದ ಗಿಣ್ಣಿನಲ್ಲಿ ಶೇ 14ರ ಆಸುಪಾಸು ಇರುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಗಿಣ್ಣು ಗಟ್ಟಿಯಾಗುವುದು ಈ ಪ್ರೋಟೀನಿನಿಂದಲೇ. ಅದರ ದೊಡ್ಡ ಪಾಲು ಕರುವನ್ನು ಕಾಯಬೇಕಾದ ಪ್ರತಿಕಾಯಗಳು.

ಹೆಜ್ಜೆ 1: ಮೊದಲ ಎರಡು ಗಂಟೆ

ಹುಟ್ಟಿದ ಕರುವಿನ ಕರುಳಿಗೆ ಒಂದು ವಿಶೇಷವಿದೆ. ಪ್ರತಿಕಾಯಗಳನ್ನು ಅದು ಜೀರ್ಣ ಮಾಡದೆ ಇಡಿಯಾಗಿ ರಕ್ತಕ್ಕೆ ಬಿಡುತ್ತದೆ. ಈ ಬಾಗಿಲು ಪೂರ್ತಿ ತೆರೆದಿರುವುದು ಮೊದಲ ಕೆಲವು ಗಂಟೆ ಮಾತ್ರ. ಆರು ಗಂಟೆ ಕಳೆಯುತ್ತಿದ್ದಂತೆ ಅದು ಮುಚ್ಚಿಕೊಳ್ಳುತ್ತ ಬರುತ್ತದೆ, ಇಪ್ಪತ್ತನಾಲ್ಕು ಗಂಟೆಗೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ. ಆಮೇಲೆ ಬಕೆಟ್ ತುಂಬ ಗಿಣ್ಣು ಕುಡಿಸಿದರೂ ಅದು ಹೊಟ್ಟೆ ತುಂಬಿಸುತ್ತದೆಯೇ ಹೊರತು ರಕ್ತಕ್ಕೆ ಸೇರುವುದಿಲ್ಲ.

ಇತ್ತ ಕೆಚ್ಚಲಿನಲ್ಲಿರುವ ಗಿಣ್ಣೂ ಗಂಟೆ ಗಂಟೆಗೆ ತೆಳುವಾಗುತ್ತ ಹೋಗುತ್ತದೆ. ಮೂರನೆಯ ಸಲ ಕರೆಯುವ ಹೊತ್ತಿಗೆ ಅದರಲ್ಲಿನ ಪ್ರತಿಕಾಯಗಳು ಅರ್ಧದಷ್ಟೂ ಉಳಿದಿರುವುದಿಲ್ಲ. ತಡ ಮಾಡಿದರೆ ಕರುವಿಗೆ ಎರಡೂ ಕಡೆ ನಷ್ಟ.

ಇನ್ನು ಮಾಸಿನ ಮಾತು. ಕೆಲವು ಕಡೆ ಇದನ್ನು ಕಸ ಎನ್ನುತ್ತಾರೆ, ಕೆಲವು ಕಡೆ ಸೆತ್ತೆ. ಅದು ಬೀಳುವ ಮುನ್ನ ಹಾಲು ಕರೆದರೆ ಒಳಗೇ ಉಳಿದುಬಿಡುತ್ತದೆ ಎಂಬ ನಂಬಿಕೆ ಇವತ್ತಿಗೂ ಗಟ್ಟಿಯಾಗಿದೆ. ನಿಜ ಇದಕ್ಕೆ ತದ್ವಿರುದ್ಧ. ಕರು ಮೊಲೆ ಚೀಪಿದಾಗ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಹಾರ್ಮೋನು ಏರುತ್ತದೆ. ಹಾಲು ಸೊರೆ ಬಿಡುವಂತೆ ಮಾಡುವ ಅದೇ ಹಾರ್ಮೋನು ಗರ್ಭಕೋಶವನ್ನೂ ಹಿಂಡುತ್ತದೆ. ಅಂದರೆ ಮಾಸು ಬೇಗ ಬೀಳಬೇಕಾದರೂ ಕರುವನ್ನು ಕೆಚ್ಚಲಿಗೆ ಬಿಡಬೇಕು! ಮಾಸು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆಯೊಳಗೆ ಬೀಳುತ್ತದೆ. ಅದಕ್ಕಾಗಿ ಕಾದರೆ ಕರುಳಿನ ಬಾಗಿಲು ಮುಕ್ಕಾಲು ಮುಚ್ಚಿರುತ್ತದೆ. ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ಡಾಕ್ಟರನ್ನು ಕರೆಸಿ. ಕೈಹಾಕಿ ಎಳೆಯುವುದು, ಕಲ್ಲೋ ಚಪ್ಪಲಿಯೋ ಕಟ್ಟಿ ಜೋತುಬಿಡುವುದು ಬೇಡವೇ ಬೇಡ.

‘ಗಿಣ್ಣು ಹೆಚ್ಚಾದರೆ ಬೇಧಿಯಾಗುತ್ತದೆ’ ಎಂಬ ಇನ್ನೊಂದು ಹೆದರಿಕೆಯೂ ಉಂಟು. ಗಿಣ್ಣಿಗೆ ಹೊಟ್ಟೆ ಸಡಿಲಿಸುವ ಗುಣವಿರುವುದು ನಿಜ, ಅದು ಇರಬೇಕಾದ್ದೇ. ಗರ್ಭದಲ್ಲಿದ್ದಾಗ ಕರುಳಿನಲ್ಲಿ ಕಟ್ಟಿಕೊಂಡ ಕಪ್ಪು, ಅಂಟು ಸಗಣಿ ಹೊರಬೀಳುವುದು ಅದರಿಂದಲೇ.

ಅಳತೆ ಹೀಗಿರಲಿ. ಎಚ್‌ಎಫ್ ಮಿಶ್ರತಳಿಯ ಕರು ಹುಟ್ಟುವಾಗ ಸುಮಾರು 30 ಕೆ.ಜಿ. ತೂಗುತ್ತದೆ ಎಂದುಕೊಳ್ಳಿ. ಹುಟ್ಟಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಒಂದೂವರೆಯಿಂದ ಎರಡು ಲೀಟರ್ ಗಿಣ್ಣು, ಮತ್ತೆ ಆರರಿಂದ ಎಂಟು ಗಂಟೆಯೊಳಗೆ ಅಷ್ಟೇ. ಜೆರ್ಸಿ ಮಿಶ್ರತಳಿ, ಹಳ್ಳಿಕಾರ್, ಮಲೆನಾಡು ಗಿಡ್ಡದ ಕರುಗಳು ಇದಕ್ಕಿಂತ ಹಗುರ, ಅವಕ್ಕೆ ತೂಕ ನೋಡಿ ತಗ್ಗಿಸಿ. ಕರು ತಾನೇ ಚೀಪಿದರೆ ಒಳ್ಳೆಯದು. ಆದರೆ ‘ಚೀಪಿದ ಹಾಗಿತ್ತು’ ಎಂದು ಸುಮ್ಮನಾಗಬೇಡಿ. ಎದ್ದು ನಿಲ್ಲಲಾಗದ ಕರುವಿಗೆ ಹಾಲು ಕರೆದು ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ.

ಗೊಟ್ಟದಲ್ಲಿ ಮಾತ್ರ ಹೊಯ್ಯಬೇಡಿ. ತಲೆ ಮೇಲೆತ್ತಿ ಹೊಯ್ದ ಹಾಲು ಶ್ವಾಸಕೋಶಕ್ಕೆ ಇಳಿದು ಎರಡೇ ದಿನಕ್ಕೆ ನ್ಯುಮೋನಿಯಾ ಆದ ಕರುಗಳನ್ನು ಪಶುವೈದ್ಯರು ಎಷ್ಟೋ ಕಂಡಿದ್ದಾರೆ.

ಮನೆಯವರಿಗೆ, ಅಕ್ಕಪಕ್ಕದವರಿಗೆ ಗಿಣ್ಣು ಹಂಚುವ ಪದ್ಧತಿ ಬಿಡಬೇಕಾಗಿಲ್ಲ. ಮಿಶ್ರತಳಿ ಹಸು ಕೊಡುವ ಗಿಣ್ಣು ಒಂದು ಕರುವಿನ ಹೊಟ್ಟೆಗೆ ಮೀರಿದ್ದು. ಆದರೆ ಸರದಿ ತಪ್ಪಬಾರದು. ಮೊದಲ ದಿನದ್ದು ಕರುವಿಗೆ. ಅದರಲ್ಲಿ ಮಿಕ್ಕರೆ ಒಂದು ಲೀಟರನ್ನು ಸ್ವಚ್ಛ ಬಾಟಲಿಯಲ್ಲಿ ತುಂಬಿ, ತಾರೀಖು ಬರೆದು ಫ್ರೀಜರಿನಲ್ಲಿಡಿ. ಮುಂದೆ ಯಾವುದಾದರೂ ಹಸು ಕರು ಹಾಕಿ ಸತ್ತರೆ, ಇಲ್ಲವೇ ಗಿಣ್ಣು ಬಾರದಿದ್ದರೆ ಆ ಬಾಟಲಿ ಒಂದು ಜೀವ ಉಳಿಸೀತು. ಅದನ್ನು ಒಲೆಯ ಮೇಲಿಟ್ಟು ಕರಗಿಸಬೇಡಿ, ಪ್ರತಿಕಾಯಗಳು ಬೆಂದುಹೋಗುತ್ತವೆ. ಕೈ ತಾಳುವಷ್ಟು ಬಿಸಿಯಿರುವ ನೀರಿನಲ್ಲಿ ಬಾಟಲಿ ಇಟ್ಟು ನಿಧಾನವಾಗಿ ಕರಗಿಸಿ. ಗಿಣ್ಣಿನ ಬದಲಿಗೆ ಹಾಲು, ಕೋಳಿಮೊಟ್ಟೆ, ಹರಳೆಣ್ಣೆ ಕಲಸಿ ಕುಡಿಸುವವರಿದ್ದಾರೆ. ಅದು ಆಹಾರವಾದೀತು, ರಕ್ಷಣೆಯಾಗದು.

ಹೆಜ್ಜೆ 2: ಹಾಲಿನ ಲೆಕ್ಕ

ನಾಲ್ಕನೆಯ ದಿನದಿಂದ ಎಂಟು ವಾರದವರೆಗೆ ದಿನಕ್ಕೆ ಕರುವಿನ ಹುಟ್ಟುತೂಕದ ಹತ್ತನೇ ಒಂದು ಭಾಗ ಹಾಲು ಬೇಕು. 30 ಕೆ.ಜಿ. ಕರುವಿಗೆ 3 ಲೀಟರ್, ಎರಡು ಹೊತ್ತಿಗೆ ಹಂಚಿ. ಇದಕ್ಕಿಂತ ಕಡಿಮೆ ಮಾಡುವುದು ಉಳಿತಾಯವಲ್ಲ. ಎಂಟು ವಾರಕ್ಕೆ ಒಟ್ಟು ಸುಮಾರು 160 ಲೀಟರ್ ಆಗುತ್ತದೆ. ಆ ಹಾಲನ್ನು ಡೇರಿಗೆ ಹಾಕಿದರೆ ಬರುವ ಹಣ ಕಣ್ಣಿಗೆ ಕಾಣುತ್ತದೆ. ಹಾಲು ಸಾಲದೆ ಸೊರಗಿದ ಕರು ಆರು ತಿಂಗಳು ತಡವಾಗಿ ಗಬ್ಬ ಕಟ್ಟಿದಾಗ, ಆ ಆರು ತಿಂಗಳ ಮೇವು ಹಿಂಡಿಯ ಖರ್ಚನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಹಾಲು ಮೈ ಬಿಸಿಯಷ್ಟೇ, ಅಂದರೆ 38ರಿಂದ 39 ಡಿಗ್ರಿ ಬೆಚ್ಚಗಿರಲಿ. ಕರೆದ ಕೂಡಲೇ ಕುಡಿಸಿದರೆ ಈ ಚಿಂತೆಯೇ ಇಲ್ಲ. ಹೊತ್ತು ತಪ್ಪಿಸಬೇಡಿ, ನೀರು ಬೆರೆಸಬೇಡಿ. ಕೆಚ್ಚಲುಬಾವಿಗೆ ಇಂಜೆಕ್ಷನ್ ಪಡೆದ ಹಸುವಿನ ಹಾಲನ್ನು ‘ಡೇರಿಯವರು ತೆಗೆದುಕೊಳ್ಳುವುದಿಲ್ಲ, ಕರುವಿಗೆ ಇರಲಿ’ ಎಂದು ಕುಡಿಸುವುದಂತೂ ಕೂಡದು.

ನಾಟಿ ಹಸು ಕರು ಬಿಡದೆ ಸೊರೆ ಬಿಡುವುದಿಲ್ಲ. ಅಂಥ ಕಡೆ ಕರು ಎಷ್ಟು ಕುಡಿಯಿತು ಎಂದು ಅಳೆಯಲಾಗದು, ಆದರೆ ಕರುವನ್ನೇ ಅಳೆಯಬಹುದು. ದರ್ಜಿಯ ಟೇಪು ಸಾಕು. ಮುಂಗಾಲ ಹಿಂಬದಿಯಲ್ಲಿ ಎದೆಯ ಸುತ್ತಳತೆಯನ್ನೂ ಭುಜದ ತುದಿಯಿಂದ ಬಾಲದ ಬುಡದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಸುತ್ತಳತೆ 36 ಇಂಚು, ಉದ್ದ 32 ಇಂಚು ಇದ್ದರೆ ಸುಮಾರು 63 ಕೆ.ಜಿ. 30 ಕೆ.ಜಿ.ಯಲ್ಲಿ ಹುಟ್ಟಿದ ಕರು ಎರಡು ತಿಂಗಳಿಗೆ ಇಷ್ಟಾದರೆ ದಿನಕ್ಕೆ ಅರ್ಧ ಕೆ.ಜಿ.ಯಂತೆ ಬೆಳೆದಿದೆ ಎಂದರ್ಥ. ಹದಿನೈದು ದಿನಕ್ಕೊಮ್ಮೆ ಅಳೆದು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ.

ಹೆಜ್ಜೆ 3: ನೀರು, ನುಚ್ಚು, ಆಮೇಲೆ ಹುಲ್ಲು

ಹಾಲು ಕುಡಿಯುವ ಕರುವಿಗೆ ನೀರೇಕೆ ಎನ್ನುವವರೇ ಹೆಚ್ಚು. ಮೊದಲ ವಾರದಿಂದಲೇ ಚೊಕ್ಕ ನೀರು ಬೇಕು. ಕರು ಚೀಪಿದ ಹಾಲು ಅನ್ನನಾಳದ ಕೊನೆಯ ತೋಡಿನ ಮೂಲಕ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಹೋಗುತ್ತದೆ. ನೀರು ಹೋಗುವುದು ಮೊದಲ ಹೊಟ್ಟೆಯಾದ ರೂಮೆನ್‌ಗೆ. ಮುಂದೆ ಮೇವನ್ನು ಹುಳಿಸುವ ಸೂಕ್ಷ್ಮಜೀವಿಗಳು ಬೀಡುಬಿಡಲು ಅಲ್ಲಿ ನೀರು ಇರಲೇಬೇಕು. ಬರೀ ಹಾಲು ಆ ಕೆಲಸ ಮಾಡದು.

ಎರಡನೆಯ ವಾರದಿಂದ ಒಂದು ಹಿಡಿ ಕಾಫ್ ಸ್ಟಾರ್ಟರ್, ಅಂದರೆ ಎಳೆಕರುವಿನ ನುಚ್ಚು ಮಿಶ್ರಣ, ಇಡಿ. ಹಾಲು ಕುಡಿದ ಕೂಡಲೇ ಸ್ವಲ್ಪ ಬಾಯಿಗೆ ಸವರಿದರೆ ರುಚಿ ಹತ್ತುತ್ತದೆ. ಅಂಗಡಿಯಲ್ಲಿ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ನೂರು ಕೆ.ಜಿ.ಗೆ ಮೆಕ್ಕೆಜೋಳದ ನುಚ್ಚು 45, ಕಡಲೆಕಾಯಿ ಹಿಂಡಿ 35, ಗೋಧಿ ಬೂಸಾ 17, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನು ಶೇ 21ರಷ್ಟಾಗುತ್ತದೆ. ಹಿಂಡಿಯಲ್ಲಿ ಬೂಷ್ಟು ಕಂಡರೆ ಮುಲಾಜಿಲ್ಲದೆ ಎಸೆಯಿರಿ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ವಿಷ ಕರುವಿನ ಪಿತ್ತಜನಕಾಂಗವನ್ನೇ ಹಾಳು ಮಾಡುತ್ತದೆ.

ಬಹಳ ಮಂದಿ ಈ ಹಂತದಲ್ಲಿ ಎಳೆಕರುವಿನ ಮುಂದೆ ರಾಗಿ ಹುಲ್ಲೋ ಭತ್ತದ ಹುಲ್ಲೋ ಹಾಕಿ, ‘ಹುಲ್ಲು ತಿಂದು ಹೊಟ್ಟೆ ಬೆಳೆಯಲಿ’ ಎನ್ನುತ್ತಾರೆ. ಹೊಟ್ಟೆ ಬೆಳೆಯುತ್ತದೆ, ಕರು ಬೆಳೆಯುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ತಜ್ಞರು ಆರು ವಾರದ ಕರುಗಳ ರೂಮೆನ್ ಒಳಗೋಡೆಯ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ್ದಾರೆ. ಬರೀ ಹಾಲು ಕುಡಿದದ್ದರ ಗೋಡೆ ಬಿಳಚಿ ನುಣುಪು. ಹಾಲಿನ ಜೊತೆ ಒಣಹುಲ್ಲು ತಿಂದದ್ದರ ಚೀಲ ದೊಡ್ಡದಾದರೂ ಒಳಗೆ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಹಾಲಿನ ಜೊತೆ ಕಾಳಿನ ನುಚ್ಚು ತಿಂದದ್ದರ ಗೋಡೆ ಮಾತ್ರ ಕಪ್ಪಗೆ, ಟರ್ಕಿ ಟವೆಲಿನ ಎಳೆಗಳಂತೆ ದಟ್ಟವಾಗಿದೆ. ಆಹಾರದ ಸಾರ ಹೀರುವುದು ಈ ಎಳೆಗಳೇ. ನುಚ್ಚು ಹುಳಿತಾಗ ಹುಟ್ಟುವ ಬ್ಯುಟಿರಿಕ್ ಆಮ್ಲ ಅವನ್ನು ಬೆಳೆಸುತ್ತದೆ, ನಾರಿನ ಹುಲ್ಲಿಗೆ ಆ ವಯಸ್ಸಿನಲ್ಲಿ ಅಷ್ಟು ಶಕ್ತಿಯಿಲ್ಲ. ಸ್ಟಾರ್ಟರ್ ರೂಢಿಯಾದ ಮೇಲೆ ಎಳೆಯ ಹಸಿಮೇವು, ಕುದುರೆ ಮೆಂತ್ಯ ಸ್ವಲ್ಪ ಸ್ವಲ್ಪ ಕೊಡಿ.

ಮದುವೆ ಮನೆಯಲ್ಲಿ ಉಳಿದ ಅನ್ನ, ರಾಗಿ ಹಿಟ್ಟಿನ ಅಂಬಲಿಯನ್ನು ‘ಪಾಪ, ತಿನ್ನಲಿ’ ಎಂದು ಒಮ್ಮೆಲೇ ಸುರಿಯುವ ಅಭ್ಯಾಸ ಇಲ್ಲಿಗೇ ನಿಲ್ಲಬೇಕು. ದೊಡ್ಡ ದನಗಳೂ ಇದರಿಂದ ಹೊಟ್ಟೆ ಹುಳಿಯಾಗಿ ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತವೆ. ಕರುವಿನ ಪಾಡು ಹೇಳುವುದೇ ಬೇಡ.

ಹೆಜ್ಜೆ 4: ಬೇಧಿ, ಜಂತು

ಬೇಧಿ ಶುರುವಾದರೆ ಹಾಲು ನಿಲ್ಲಿಸಿ ಉಪವಾಸ ಹಾಕುವುದು ವಾಡಿಕೆ. ಅದು ತಪ್ಪು, ಬೇಧಿಯಲ್ಲಿ ಕರು ಸಾಯುವುದು ಬಹುತೇಕ ಮೈನೀರು ಬತ್ತಿ. ಹಾಲು ಎಂದಿನಂತೆ ಕೊಡಿ. ಹಾಲು ಕುಡಿಸಿದ ಎರಡು ಗಂಟೆಯ ನಂತರ ಮೆಡಿಕಲ್ ಸ್ಟೋರಿನ ಓಆರ್‌ಎಸ್ ಪುಡಿಯನ್ನು ಒಂದು ಲೀಟರ್ ಬೆಚ್ಚನೆಯ ನೀರಿನಲ್ಲಿ ಕಲಸಿ ಕುಡಿಸಿ, ದಿನಕ್ಕೆ ಮೂರು ನಾಲ್ಕು ಸಲ. ಕಣ್ಣು ಗುಳಿ ಬಿದ್ದರೆ, ಕಿವಿ ತಣ್ಣಗಾದರೆ, ಸಗಣಿಯಲ್ಲಿ ರಕ್ತ ಕಂಡರೆ ತಡ ಮಾಡದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಜಂತಿನ ಔಷಧಿಯನ್ನು ಹತ್ತರಿಂದ ಹದಿನೈದು ದಿನದ ವಯಸ್ಸಿಗೇ ಶುರು ಮಾಡಬೇಕು, ಎಮ್ಮೆಗರುವಿಗಂತೂ ತಪ್ಪಿಸಲೇಬಾರದು. ದುಂಡು ಹುಳುವಿನ ಮರಿಗಳು ತಾಯಿಯ ಹಾಲಿನಿಂದಲೇ ಕರುವಿನ ಹೊಟ್ಟೆ ಸೇರುತ್ತವೆ. ಡೋಸು ಡಾಕ್ಟರು ತೂಕ ನೋಡಿ ಹೇಳಿದಷ್ಟೇ. ಆರು ತಿಂಗಳವರೆಗೆ ಪ್ರತಿ ತಿಂಗಳು.

ಹಾಲು ಬಿಡಿಸಿದ ಮೇಲೆ

ಹಾಲು ಬಿಡಿಸಲು ವಯಸ್ಸಿಗಿಂತ ಸ್ಟಾರ್ಟರಿನ ಲೆಕ್ಕ ಮುಖ್ಯ. ದಿನಕ್ಕೆ ಒಂದು ಕೆ.ಜಿ.ಯ ಹತ್ತಿರ ಸತತ ಮೂರು ದಿನ ತಿಂದರೆ ಹಾಲನ್ನು ವಾರದಲ್ಲಿ ಹಂತಹಂತವಾಗಿ ಇಳಿಸಿ. ಮೂರು ತಿಂಗಳ ಸುಮಾರಿಗೆ ಇದು ಸಾಧ್ಯ. ಕಾಲುಬಾಯಿ ಜ್ವರದ ಮೊದಲ ಲಸಿಕೆ ನಾಲ್ಕು ತಿಂಗಳಿಗೆ. ಕಂದು ರೋಗದ, ಅಂದರೆ ಬ್ರುಸೆಲ್ಲಾ ಲಸಿಕೆ ಹೆಣ್ಣುಗರುಗಳಿಗೆ ಮಾತ್ರ, ನಾಲ್ಕರಿಂದ ಎಂಟು ತಿಂಗಳೊಳಗೆ, ಜನ್ಮಕ್ಕೆ ಒಮ್ಮೆ. ಯೂರಿಯಾ ಉಪಚರಿಸಿದ ಹುಲ್ಲು ಆರು ತಿಂಗಳೊಳಗಿನ ಕರುವಿಗೆ ವಿಷ. ಆರು ತಿಂಗಳ ನಂತರ ಒಂದೂವರೆಯಿಂದ ಎರಡು ಕೆ.ಜಿ. ಹಿಂಡಿ, ಬೇಕಾದಷ್ಟು ಹಸಿಮೇವು, ಎರಡು ಮೂರು ಕೆ.ಜಿ. ಒಣಮೇವು, 20ರಿಂದ 30 ಗ್ರಾಂ ಖನಿಜ ಮಿಶ್ರಣ.

ಕಡಸು ಬೆದೆಗೆ ಬಂದಿತೆಂದು ತಕ್ಷಣ ಸೆಮೆನ್ ಹಾಕಿಸಬೇಡಿ, ಮತ್ತೆ ಟೇಪು ಹಿಡಿಯಿರಿ. ಮಿಶ್ರತಳಿಗೆ 250 ಕೆ.ಜಿ. ದಾಟಿರಬೇಕು. ಸುತ್ತಳತೆ 60 ಇಂಚು, ಉದ್ದ 50 ಇಂಚು ಇದ್ದರೆ ಅದು ಸುಮಾರು 273 ಕೆ.ಜಿ. ಮೇಲಿನ ಲೆಕ್ಕದಲ್ಲಿ ಬೆಳೆದ ಕಡಸು ಹದಿನಾರು ಹದಿನೆಂಟು ತಿಂಗಳಿಗೆ ಅಲ್ಲಿಗೆ ಮುಟ್ಟಿ, ಎರಡೂವರೆ ವರ್ಷದೊಳಗೆ ತಾನೇ ಕರು ಹಾಕುತ್ತದೆ. ಆ ರಾತ್ರಿಗೆ ಕೊಟ್ಟಿಗೆಯಲ್ಲಿ ನಿಪ್ಪಲ್ ಬಾಟಲಿ, ಹೊಕ್ಕುಳಿಗೆ ಹಚ್ಚಲು ಟಿಂಚರ್ ಅಯೋಡಿನ್, ಒಣ ಗೋಣಿಚೀಲ, ಗಂಟೆ ನೋಡಲು ಒಂದು ಗಡಿಯಾರ ಸಿದ್ಧವಿರಲಿ.