ಶ್ರೀಶೈಲಕ್ಕೆ ನಡೆಯಲಿರುವ ಅಣ್ಣನ ಮಗನಿಗೆ

ತಮ್ಮಾ,

ಈ ಸಲ ಯುಗಾದಿಗೆ ಕಂಬಿ ಹೊತ್ತವರ ಹಿಂದೆ ನೀನೂ ಮಲ್ಲಯ್ಯನ ದಾರಿ ಹಿಡಿಯುತ್ತೀಯಂತೆ. ಅಪ್ಪ ಹೋದಾಗಿನಿಂದ ಎದೆಯಲ್ಲಿ ಕೂತದ್ದು ನಡೆದರೆ ಇಳಿದೀತೇ ಎಂದು ಕೇಳಿದ್ದೀಯ. ನಿನ್ನಂಥ ಹುಡುಗರು ಊರಿಗೆ ನಾಲ್ವರಿದ್ದಾರೆ, ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಲಿನ ಮಾತು. ಹೊಸ ಬೂಟು ಬೇಡ, ಹಾಕಿ ಸವೆದ ಚಪ್ಪಲಿ ಸಾಕು. ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು, ಆಮೇಲೆ ನಲ್ಲಮಲ ಕಾಡು. ನಸುಕಿನ ಮೂರಕ್ಕೇ ಹೊರಡು, ಬಿಸಿಲೇರುವುದರೊಳಗೆ ನೆರಳು ಹಿಡಿ. ಮೂರನೇ ದಿನ ಅಂಗಾಲಿಗೆ ಬೊಬ್ಬೆ ಬರುತ್ತದೆ. ಹಳಬರು ಸೂಜಿಗೆ ದಾರ ಪೋಣಿಸಿ ಬೊಬ್ಬೆಯೊಳಗೆ ತೂರಿಸಿ ದಾರವನ್ನು ಅಲ್ಲೇ ಬಿಡುತ್ತಾರೆ. ನೀರು ಇಳಿದುಹೋಗುತ್ತದೆ, ಚರ್ಮ ಕಿತ್ತುಬರುವುದಿಲ್ಲ. ಸೂಜಿಯನ್ನು ಬೆಂಕಿಗೆ ಹಿಡಿದೇ ಚುಚ್ಚಿಸಿಕೊ.

ನಡೆಯುವುದು ಅಷ್ಟು ಕಷ್ಟವಲ್ಲ. ಸೇವೆ ಮಾಡಿಸಿಕೊಳ್ಳುವುದು ಕಷ್ಟ. ಯಾಕೆಂದು ಹೇಳುತ್ತೇನೆ.

2020ರ ಮಾರ್ಚ್ 25, ಅವತ್ತೇ ಯುಗಾದಿ, ಅವತ್ತೇ ಲಾಕ್‌ಡೌನ್. ನಾವು ಊರ ಬಾಯಿಗೆ ಜಾಲಿಮುಳ್ಳು ಹಾಕಿದೆವು. ಗೋವಾದಿಂದ ನಡೆದು ಬಂದ ಕೂಲಿಯವರು ಮುಳ್ಳಿನಾಚೆ ನಿಂತು ನೀರು ಕೇಳಿದರು. ಕೊಡ ದೂರ ಇಟ್ಟು ಹಿಂದೆ ಸರಿದವರಲ್ಲಿ ನಾನೂ ಒಬ್ಬ. ಮರುವರ್ಷ ಮೇ ತಿಂಗಳಲ್ಲಿ ನಿನ್ನ ಅಪ್ಪನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು. ಮುಖ ನೋಡಲಿಲ್ಲ. ಮಾತಾಡಿಸಲು ಒಬ್ಬರೂ ಮನೆಗೆ ಬರಲಿಲ್ಲ. ಯಾರನ್ನು ಬೈಯಲಿ? ಮುಳ್ಳು ಹಾಕಿದವನು ನಾನೇ.

2022ರಲ್ಲಿ ನಾನು ನಡೆದೆ. ರಾಯಚೂರು ದಾಟಿದ ಮೇಲೆ ಒಂದು ಹಳ್ಳಿ. ರಸ್ತೆಬದಿ ಪೆಂಡಾಲು, ಮಜ್ಜಿಗೆ, ರೊಟ್ಟಿ, ಶೇಂಗಾ ಹಿಂಡಿ. ಬೋಗುಣಿಯಲ್ಲಿ ಬಿಸಿನೀರು ತಂದ ಮುದುಕ ಕೇಳದೇ ನನ್ನ ಕಾಲು ಎಳೆದುಕೊಂಡ. ಎಳ್ಳೆಣ್ಣೆ ಹಚ್ಚಿ ಹಿಮ್ಮಡಿಯಿಂದ ಮೊಣಕಾಲಿನವರೆಗೆ ತಿಕ್ಕಿದ. ನಾನು ಬೇಡ ಬೇಡ ಅಂದರೆ ಅವನು, "ಎರಡು ವರ್ಷ ಯಾರ ಕಾಲೂ ಮುಟ್ಟಿಲ್ಲೋ ಯಪ್ಪಾ, ಸುಮ್ನ ಕೂಡು" ಅಂದ. ಅವನೂ ಮುಳ್ಳು ಹಾಕಿದವನೇ ಇರಬೇಕು. ನಾನು ಕೇಳಲಿಲ್ಲ. ಅವನ ಮುಂದೆ ಅಣ್ಣನ ಹೆಸರು ಹೇಳಿ ಅತ್ತೆ, ಹತ್ತು ತಿಂಗಳಲ್ಲಿ ಮೊದಲ ಸಲ. ಅವನು ತಿಕ್ಕುವುದು ನಿಲ್ಲಿಸಲಿಲ್ಲ.

ಆದ್ದರಿಂದ ಯಾರಾದರೂ ಕಾಲು ಹಿಡಿದರೆ ಎಳೆದುಕೊಳ್ಳಬೇಡ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಮುಂದೆ ಹೋಗಲೂಬೇಡ. ಒಂಟಿಯಾಗಿ ದುಃಖಿಸಿದ್ದು ಸಾಕಾಗಿದೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಅಂತಲ್ಲವೇ ನಮ್ಮ ಹೆಂಗಸರು ತವರಿನ ಸೀರೆ ಕಟ್ಟಿಕೊಂಡು ಹೋಗುವುದು? ಮಗಳ ಮನೆಗೆ ಹೋದವರು ಸುಖದುಃಖ ಹೇಳಿಕೊಳ್ಳದೆ ಬರುತ್ತಾರೆಯೇ?

ಕಾಡಿನೊಳಗಿನ ಭೀಮನಕೊಳ್ಳದ ಏರು ಮಾತ್ರ ಉಸಿರು ಕಟ್ಟಿಸುತ್ತದೆ. ಅವಸರ ಮಾಡಬೇಡ, ಕೋಲು ಊರಿಕೊಂಡು ಹತ್ತು. ರೊಟ್ಟಿ ಹೆಚ್ಚು ಕಟ್ಟಿಕೊಳ್ಳಬೇಡ, ದಾರಿಯುದ್ದಕ್ಕೂ ಕೊಡುತ್ತಾರೆ. ಭ್ರಮರಾಂಬೆಯ ಸೀರೆಯನ್ನು ನಿಮ್ಮವ್ವನೇ ಆರಿಸಲಿ.

ನಿನ್ನ ಕಾಕಾ