ಬೆಕ್ಕಿಗೆ ಇನ್ಸುಲಿನ್: ಸೂಜಿಗಿಂತ ಮೊದಲು ಸಿರಿಂಜು ನೋಡಿ

ಬೆಕ್ಕಿಗೂ ಸಕ್ಕರೆ ಕಾಯಿಲೆಯೇ ಎಂದು ನಗಬೇಡಿ. ವಯಸ್ಸಾದ, ಮೈ ಬೆಳೆದ, ಮನೆಯೊಳಗೇ ಬಿದ್ದಿರುವ ಬೆಕ್ಕುಗಳಿಗೆ, ಅದರಲ್ಲೂ ಸಂತಾನಹರಣ ಮಾಡಿಸಿದ ಗಂಡು ಬೆಕ್ಕುಗಳಿಗೆ ಇದು ಹೆಚ್ಚು. ವಿಪರೀತ ನೀರು ಕುಡಿಯುವುದು, ಪದೇ ಪದೇ ಉಚ್ಚೆ ಹೊಯ್ಯುವುದು, ಚೆನ್ನಾಗಿ ತಿಂದೂ ಸೊರಗುವುದು, ಕೆಲವೊಮ್ಮೆ ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯುವುದು ಲಕ್ಷಣಗಳು. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಏರುತ್ತದೆ. ಹಾಗಾಗಿ ಒಂದು ರಕ್ತಪರೀಕ್ಷೆ ನೋಡಿ ತೀರ್ಮಾನಿಸದೆ ಮೂತ್ರವನ್ನೂ ಪರೀಕ್ಷಿಸಿ ಪಶುವೈದ್ಯರೇ ಹೇಳಬೇಕು. ಮುಂದಿನದು, ಇನ್ಸುಲಿನ್ ಬರೆಸಿಕೊಂಡು ಮನೆಗೆ ಬಂದವರಿಗಾಗಿ.

1. ಬಾಟಲಿಯ ಅಂಕೆಗೆ ಸಿರಿಂಜಿನ ಅಂಕೆ ಹೊಂದಿಸಿ

ಕಾರವಾರ, ಅಂಕೋಲಾ ಕಡೆ ಬೆಕ್ಕು ಸಾಕಿದವರು ಎಡವುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಇಲ್ಲಿಯೇ. ಮೆಡಿಕಲ್ ಶಾಪಿಗೆ ಹೋಗಿ ‘ಒಂದು ಶುಗರ್ ಸಿರಿಂಜು ಕೊಡಿ’ ಅನ್ನುತ್ತಾರೆ. ಅಂಗಡಿಯವರು ಇದ್ದದ್ದನ್ನು ಕೊಡುತ್ತಾರೆ. ಅನಾಹುತ ಶುರುವಾಗುವುದು ಆಗ.

ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಮನುಷ್ಯರಿಗೆ ಕೊಡುವ ಹಳೆಯ ಬಗೆಯ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ಗಳು 100 ಯೂನಿಟ್. ಪ್ರಾಣಿಗಳಿಗೆಂದೇ ತಯಾರಾಗುವ ಕ್ಯಾನಿನ್ಸುಲಿನ್ 40. ಬೆಕ್ಕುಗಳಿಗೆ ವೈದ್ಯರು ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಸಾಮಾನ್ಯವಾಗಿ 100. ಸಿರಿಂಜುಗಳೂ ಎರಡು ಬಗೆ: 40ರದಕ್ಕೆ ಕೆಂಪು ಟೊಪ್ಪಿ, 100ರದಕ್ಕೆ ಕಿತ್ತಳೆ ಟೊಪ್ಪಿ.

ಈಗ ಲೆಕ್ಕ ನೋಡಿ. ಕೆಂಪು ಟೊಪ್ಪಿಯ ಸಿರಿಂಜಿನಲ್ಲಿ 1 ಎಂಬ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.025 ಮಿ.ಲೀ. ಆ ಮದ್ದು 100ರ ಗ್ಲಾರ್ಜಿನ್ ಆಗಿದ್ದರೆ ಬೆಕ್ಕಿನ ಮೈಗೆ ಹೋದದ್ದು 1 ಯೂನಿಟ್ ಅಲ್ಲ, ಎರಡೂವರೆ. 2ರ ಗೆರೆಗೆ ಎಳೆದರೆ 5 ಯೂನಿಟ್. ನಾಲ್ಕು ಕಿಲೋ ತೂಗುವ ಪ್ರಾಣಿಗೆ ಇದು ಪ್ರಾಣಕ್ಕೇ ಕುತ್ತು. ತಿರುಗಾಮುರುಗಾ ಆದರೆ, ಅಂದರೆ 40ರ ಮದ್ದನ್ನು 100ರ ಸಿರಿಂಜಿನಲ್ಲಿ ಎಳೆದರೆ, 1 ಯೂನಿಟ್ ಬದಲು ಹೋಗುವುದು 0.4 ಮಾತ್ರ. ಆಗ ‘ಮದ್ದು ತಾಗುತ್ತಿಲ್ಲ’ ಎಂದು ಡೋಸು ಏರಿಸುತ್ತಾರೆ. ಮುಂದೊಂದು ದಿನ ಸರಿಯಾದ ಸಿರಿಂಜು ಕೈಗೆ ಬಂದಾಗ, ಏರಿಸಿಟ್ಟ ಆ ಡೋಸು ಪೂರ್ತಿಯಾಗಿ ಮೈಗಿಳಿಯುತ್ತದೆ.

ಟೊಪ್ಪಿಯ ಬಣ್ಣವನ್ನಷ್ಟೇ ನಂಬಬೇಡಿ, ಕೊಳವೆಯ ಮೇಲೆ ಅಚ್ಚಾದ ಅಂಕೆ ಓದಿ. ಅರ್ಧ ಯೂನಿಟ್ ಗೆರೆಗಳಿರುವ 0.3 ಮಿ.ಲೀ. ಸಿರಿಂಜು ಸಿಕ್ಕರೆ ಅದೇ ಉತ್ತಮ, ಏಕೆಂದರೆ ಬೆಕ್ಕಿನ ಮೊದಲ ಡೋಸು ಸಾಮಾನ್ಯವಾಗಿ 1 ಯೂನಿಟ್ಟಿನ ಆಸುಪಾಸಿನಲ್ಲೇ ಇರುತ್ತದೆ. ಅಜ್ಜಿಗೆಂದು ತಂದ ‘30/70’ ಮಿಶ್ರ ಇನ್ಸುಲಿನ್ ಫ್ರಿಜ್ಜಿನಲ್ಲಿದೆ ಎಂದು ಅದನ್ನೇ ಚುಚ್ಚಬೇಡಿ. ಅಜ್ಜನ ಶುಗರ್ ಮಾತ್ರೆಯೂ ಬೇಡ.

2. ಊಟ ಮೊದಲು, ಸೂಜಿ ಆಮೇಲೆ

ಹನ್ನೆರಡು ಗಂಟೆಗೊಮ್ಮೆ, ದಿನಕ್ಕೆರಡು ಸಲ. ಬೆಳಿಗ್ಗೆ ಏಳು, ಸಂಜೆ ಏಳು ಎಂದಿಟ್ಟುಕೊಳ್ಳಿ. ತಟ್ಟೆ ಖಾಲಿಯಾಗುವುದನ್ನು ಕಣ್ಣಾರೆ ನೋಡಿದ ಮೇಲೆ ಪಕ್ಕೆಯ ಚರ್ಮವನ್ನು ಎತ್ತಿ ಹಿಡಿದು ಚುಚ್ಚಿ. ಪ್ರತಿ ಸಲ ಜಾಗ ಬದಲಿಸಿ. ಬೆಕ್ಕು ತಿನ್ನದಿದ್ದರೆ ಡೋಸು ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಮದ್ದು ಒಳಗೆ ಹೋಯಿತೋ ಕೂದಲ ಮೇಲೆ ಚೆಲ್ಲಿತೋ ತಿಳಿಯದಿದ್ದರೆ ಎರಡನೇ ಸಲ ಚುಚ್ಚಲೇಬೇಡಿ. ಒಂದು ಡೋಸು ತಪ್ಪಿದರೆ ಸುಧಾರಿಸಿಕೊಳ್ಳಬಹುದು, ಎರಡು ಡೋಸು ಒಟ್ಟಿಗೆ ಮೈಗಿಳಿದರೆ ಕಷ್ಟ.

3. ಮೀನು, ಅನ್ನ, ಮಳೆಗಾಲ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂಗಡೆ, ತಾರ್ಲೆ ತುಟ್ಟಿಯಾಗುತ್ತವೆ, ಬೆಕ್ಕಿನ ತಟ್ಟೆಯಲ್ಲಿ ಅನ್ನ ಹಾಲು ಹೆಚ್ಚುತ್ತವೆ. ಅನ್ನ ಹೆಚ್ಚಾದರೆ ಸಕ್ಕರೆ ಏರುತ್ತದೆ, ಡೋಸೂ ಏರುತ್ತದೆ. ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದು ತಟ್ಟೆಗೆ ಮೀನು ವಾಪಸಾದಾಗ ಮಳೆಗಾಲದ ಡೋಸನ್ನೇ ಮುಂದುವರಿಸಿದರೆ ಸಕ್ಕರೆ ಧೊಪ್ಪನೆ ಇಳಿಯಬಹುದು. ಆಹಾರ ಬದಲಾಗುವ ಮೊದಲೇ ವೈದ್ಯರಿಗೆ ತಿಳಿಸಿ. ವರ್ಷವಿಡೀ ಅನ್ನ ಕಡಿಮೆಯಿರಲಿ. ಉಪ್ಪು, ಮಸಾಲೆ ಹಾಕದೆ ಬೇಯಿಸಿ ಮುಳ್ಳು ತೆಗೆದ ಮೀನು, ಕೋಳಿ ಹೆಚ್ಚಿರಲಿ. ಬರೀ ಮೀನಿನಿಂದಲೂ ಬೆಕ್ಕಿಗೆ ಬೇಕಾದ್ದೆಲ್ಲ ಸಿಗದು. ಒಣಮೀನು ಬೇಡ, ಅದರ ತುಂಬ ಉಪ್ಪು. ಅಂಗಡಿಯ ಒಣ ಆಹಾರದಲ್ಲಿ ಪಿಷ್ಟ ಹೆಚ್ಚಿರುವುದೇ ಜಾಸ್ತಿ.

4. ಕರೆಂಟು ಹೋದರೆ

ಇನ್ಸುಲಿನ್ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರೀಜರಿನಲ್ಲಿ ಇಟ್ಟರೆ ಹಾಳು. ನೀರಿನ ಮಡಕೆಯಲ್ಲಿ ಇಡುವ ಉಪಾಯ ಬಯಲುಸೀಮೆಯ ಒಣ ಗಾಳಿಗೆ ಹೇಳಿಸಿದ್ದು. ನಮ್ಮ ಜಿಗುಟು ಹವೆಯಲ್ಲಿ, ಅದರಲ್ಲೂ ಏಪ್ರಿಲ್ ಮೇ ತಿಂಗಳಲ್ಲಿ, ನೀರು ಆರುವುದೇ ಕಡಿಮೆಯಾದ್ದರಿಂದ ಮಡಕೆ ಅಷ್ಟಾಗಿ ತಂಪಾಗದು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಐಸ್‌ಗೆ ನೇರ ತಾಗದಂತೆ ಥರ್ಮೋಸ್‌ನಲ್ಲಿಡಿ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮಬ್ಬಾದರೆ ಎಸೆಯಿರಿ.

ಮಳೆಗಾಲಕ್ಕೆ ಮೊದಲೇ ಒಂದು ಬಾಟಲಿ, ಒಂದು ಪೊಟ್ಟಣ ಸಿರಿಂಜು ಹೆಚ್ಚಿಗೆ ತಂದಿಡಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತ್ತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಕುಮಟಾದಿಂದಲೋ ಗೋವಾದಿಂದಲೋ ಮದ್ದು ತರಿಸುವವರು ಇದನ್ನು ಮರೆಯಬಾರದು.

5. ಸಕ್ಕರೆ ಇಳಿದರೆ

ತೂರಾಡುವುದು, ನಿತ್ರಾಣ, ನಡುಕ, ಸೆಳವು ಕಂಡರೆ ಮೀಟರಿಗಾಗಿ ಹುಡುಕುತ್ತ ಕೂರಬೇಡಿ. ಗ್ಲೂಕೋಸ್ ನೀರು ಅಥವಾ ಜೇನುತುಪ್ಪ, ಅದೂ ಇಲ್ಲದಿದ್ದರೆ ಜೋನಿಬೆಲ್ಲವನ್ನು ಒಸಡಿಗೆ ಸವರಿ. ಪ್ರಜ್ಞೆಯಿಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಹೊಯ್ಯಬೇಡಿ. ಚೇತರಿಸಿದಂತೆ ಕಂಡರೂ ಆಸ್ಪತ್ರೆಗೆ ಒಯ್ಯಿರಿ.

ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಮನೆಯ ಗ್ಲುಕೋಮೀಟರಿನಲ್ಲಿ ನೋಡಬಹುದು. ಮನುಷ್ಯರ ಮೀಟರು ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗೆಂದು 60ಕ್ಕಿಂತ ಕಡಿಮೆ ಬಂದಾಗ ‘ಮೀಟರೇ ಹಾಗೆ’ ಎಂದು ಸುಮ್ಮನಿರಬೇಡಿ. ಅಂಕೆಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ, ಡೋಸನ್ನು ನೀವೇ ಬದಲಿಸಬೇಡಿ.

ಇನ್ನಷ್ಟು, ಚುಟುಕಾಗಿ

ತುರಿಕೆಗೆ ಸ್ಟೀರಾಯ್ಡ್ ಚುಚ್ಚಿಸಿದರೆ ಸಕ್ಕರೆ ಏರುತ್ತದೆ, ಯಾವ ಡಾಕ್ಟರ ಬಳಿ ಹೋದರೂ ಶುಗರ್ ಇದೆ ಎಂದು ಮೊದಲೇ ಹೇಳಿ. ಹಲ್ಲು, ಒಸಡು, ಮೂತ್ರದ ಸೋಂಕು ಇದ್ದರೆ ಇನ್ಸುಲಿನ್ ಕೊಟ್ಟರೂ ಸಕ್ಕರೆ ಹಿಡಿತಕ್ಕೆ ಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಆಸ್ಪತ್ರೆಗೆ ಕೊಡಿ, ಕಸದ ಗಾಡಿಗೆ ಹಾಕಬೇಡಿ. ಆರಂಭದಲ್ಲೇ ಚಿಕಿತ್ಸೆ ಸಿಕ್ಕ ಕೆಲವು ಬೆಕ್ಕುಗಳಿಗೆ ಕೆಲ ತಿಂಗಳಲ್ಲಿ ಇನ್ಸುಲಿನ್ ಬೇಡವಾಗುವುದೂ ಉಂಟು. ತಪಾಸಣೆ ತಪ್ಪಿಸಬಾರದು ಎನ್ನುವುದು ಅದಕ್ಕೇ. ವಾಂತಿ ಮಾಡುತ್ತ, ಊಟ ಬಿಟ್ಟು ಮಂಕಾದರೆ ನಾಳೆಗೆ ಕಾಯದೆ ಅಂದೇ ವೈದ್ಯರಿಗೆ ತೋರಿಸಿ.